ಬಲೆ ಶೆಡ್ಡು ಮುಚ್ಚಿದ ವರ್ಷ

ಹೋದ ತಿಂಗಳು ಹಂಪಿಗೆ ಹೊರಟಿದ್ದ ಬಸ್ಸು ಕಡ್ಡಿರಾಂಪುರದ ಹತ್ತಿರ ಕೆಟ್ಟು ನಿಂತಿತು. ಎಡಗಡೆ ಒಂದು ಹೊಂಡ. ಅದರಲ್ಲಿ ಯಾರೋ ಪುಂಡಿ ಕಟ್ಟುಗಳನ್ನು ಮುಳುಗಿಸಿ ಮೇಲೆ ಕಲ್ಲು ಹೇರಿದ್ದರು. ನೀರು ಕರ್ರಗಾಗಿ ಅಂಚಿನಲ್ಲಿ ನೊರೆ ಕಟ್ಟಿತ್ತು. ಬಸ್ಸಿನಲ್ಲಿದ್ದವರೆಲ್ಲ ಸೆರಗು, ಟವಲು ಮೂಗಿಗೆ ಹಿಡಿದರು. “ಏನ್ ಸತ್ತೈತೋ ಮಾರಾಯಾ” ಅಂದ ಕಂಡಕ್ಟರು. ಏನೂ ಸತ್ತಿರಲಿಲ್ಲ. ಪುಂಡಿ ಹೀಗೆ ಕೊಳೆತರೇ ಅದರ ನಾರು ಬಿಡುವುದು. ನಾನು ಮಾತ್ರ ಕಿಟಕಿಯನ್ನು ಇನ್ನೊಂದಿಷ್ಟು ಸರಿಸಿ ಆ ವಾಸನೆಯನ್ನು ಎದೆತುಂಬ ಎಳೆದುಕೊಂಡೆ. ಪಕ್ಕದಲ್ಲಿದ್ದ ಹೆಂಗಸು ನನ್ನನ್ನು ಒಂಥರಾ ನೋಡಿದಳು. ಮಹಾಯುದ್ಧ ಮುಗಿದ ವರ್ಷದ ಭಾದ್ರಪದದಿಂದ ಕಾರ್ತಿಕದವರೆಗೆ ನನ್ನ ಕೈ, ನನ್ನ ಸೀರೆ, ನನ್ನ ತಲೆಗೂದಲು ಎಲ್ಲ ಇದೇ ವಾಸನೆ ಹೊಡೆಯುತ್ತಿದ್ದವು ಎಂದು ಅವಳಿಗೆ ಹೇಗೆ ಹೇಳಲಿ?

ಆಗ ನನಗೆ ಇಪ್ಪತ್ತಮೂರು. ಬಳ್ಳಾರಿಯ ಕಾನ್ವೆಂಟಿನಲ್ಲಿ ಬೆಳಿಗ್ಗೆ ಇಂಗ್ಲಿಷಿನಲ್ಲಿ ಪ್ರಾರ್ಥನೆ ಹೇಳಿ, ಸಂಜೆ ಮನೆಯಲ್ಲಿ ತುಳಸಿಗೆ ದೀಪ ಹಚ್ಚಿ ಬೆಳೆದವಳು ನಾನು. ಮದುವೆಯಾಗಿ ಹೊಸಪೇಟೆಗೆ ಬಂದು ಮೂರು ವರ್ಷವಾಗಿತ್ತು. ನಮ್ಮವರು ಓಣಿಯ ಕೊನೆಯಲ್ಲಿದ್ದ ಬಲೆ ಶೆಡ್ಡಿನಲ್ಲಿ ತಪಾಸಣೆ ಗುಮಾಸ್ತರು. ಶೆಡ್ಡು ರೈಸ್ ಮಿಲ್ಲಿನ ಚನ್ನಬಸಪ್ಪ ಸಾವ್ಕಾರರದು. ಅದನ್ನು ಮದ್ರಾಸಿನ ಒಬ್ಬ ಗುತ್ತಿಗೆದಾರ ಬಾಡಿಗೆಗೆ ಹಿಡಿದು, ಸುತ್ತಲಿನ ನಲವತ್ತು ಹೆಂಗಸರನ್ನು ಕೂಡಿಸಿ, ಮಿಲಿಟರಿಗೆ ಬಲೆ ಹೆಣೆಸುತ್ತಿದ್ದ. ತೋಪು, ಲಾರಿಗಳ ಮೇಲೆ ಹೊದಿಸಿ ವಿಮಾನದ ಕಣ್ಣಿಗೆ ಬೀಳದ ಹಾಗೆ ಮುಚ್ಚುವ ದೊಡ್ಡ ದೊಡ್ಡ ಬಲೆಗಳು. ಹುರಿ ಸರ್ಕಾರದ್ದು. ಹಸಿರು, ಮಣ್ಣುಬಣ್ಣ ಹಚ್ಚಿದ ಗೋಣಿಪಟ್ಟಿಗಳೂ ಸರ್ಕಾರದವೇ. ಆ ನಾಲ್ಕೈದು ವರ್ಷ ನಮ್ಮ ಓಣಿಯ ಒಲೆಗಳು ಉರಿದದ್ದು ಆ ಬಲೆಯಿಂದ. ಬೇರೆ ಕಸುಬು ಗೊತ್ತಿದ್ದವರೂ ಅದನ್ನು ಬಿಟ್ಟು ಬಂದಿದ್ದರು.

ಮೊದಲ ವರ್ಷ ಒಬ್ಬ ಬಿಳಿ ಅಧಿಕಾರಿ ಬಂದು ಏಣಿ ಹತ್ತಿ, ಮೇಲಿಂದ ಕಣ್ಣು ಕಿರಿದು ಮಾಡಿ ನೋಡಿ, ಚೆಂದವಾಗಿ ಸಾಲುಸಾಲಾಗಿ ಹೆಣೆದಿದ್ದ ಬಲೆಯನ್ನೆಲ್ಲ ಬಿಚ್ಚಿಸಿದ್ದನಂತೆ. ವಿಮಾನದವನ ಕಣ್ಣು ಸಾಲನ್ನು ಹುಡುಕುತ್ತದೆ, ಸಾಲು ಸಿಕ್ಕ ಕಡೆ ಬಾಂಬು ಬೀಳುತ್ತದೆ ಎಂದು ದುಭಾಷಿಯ ಬಾಯಲ್ಲಿ ಹೇಳಿಸಿದನಂತೆ. ಅವತ್ತಿನಿಂದ ಅಲ್ಲಿ ಸಮವಾಗಿ ಹೆಣೆಯುವುದೇ ತಪ್ಪು. ಪಟ್ಟಿ ಮಾತ್ರವಲ್ಲ, ಬಲೆಯ ಕಣ್ಣುಗಳನ್ನೂ ಒಂದು ಸಣ್ಣದು, ಒಂದು ದೊಡ್ಡದು ಮಾಡುವುದನ್ನು ಹೆಂಗಸರು ತಾವಾಗಿ ರೂಢಿಸಿಕೊಂಡರು. ಯಾರೂ ಬೇಡ ಎನ್ನಲಿಲ್ಲ. ಮಸ್ತಾನ್‌ಬಿ ಎಂಬಾಕೆಯ ಮಗ ಮಿಲಿಟರಿ ಲಾರಿ ಡ್ರೈವರಾಗಿ ಬರ್ಮಾ ಕಡೆ ಹೋಗಿದ್ದ. ಆಕೆ ಎರಡು ಕಣ್ಣು ಒಂದೇ ಅಳತೆ ಬಂದರೆ “ತೋಬಾ ತೋಬಾ” ಅಂತ ಬಿಚ್ಚಿ ಮತ್ತೆ ಹಾಕುತ್ತಿದ್ದಳು.

ನಾನು ಮಧ್ಯಾಹ್ನ ಊಟದ ಪಾತ್ರೆ ತೊಳೆದಿಟ್ಟು ಅಲ್ಲಿಗೆ ಹೋಗುತ್ತಿದ್ದೆ. ಮಸ್ತಾನ್‌ಬಿಗೆ ಮಗನ ಕಾಗದ ಓದಿ ಹೇಳುವುದು, ಉತ್ತರ ಬರೆಯುವುದು ನನ್ನ ಕೆಲಸ. ಶೆಡ್ಡಿನ ಹೆಂಗಸರ ಯಜಮಾನಿಕೆ ಗಂಗವ್ವನದು. ನಲವತ್ತು ದಾಟಿದ ಗಂಡ ಸತ್ತ ಹೆಂಗಸು. ಕೊರಳಲ್ಲಿ ಲಿಂಗ, ಬಾಯಲ್ಲಿ ಬೆಂಕಿ. ಹೆಣೆಯುವಾಗ ಅವಳು ಕೈಯನ್ನು ನೋಡುತ್ತಲೇ ಇರಲಿಲ್ಲ. ಅವಳ ಹೆಬ್ಬೆರಳಿನ ಉಗುರು ಹುರಿ ತಿಕ್ಕಿ ತಿಕ್ಕಿ ಒಂದು ಕಡೆ ಕಾಲುವೆಯ ಹಾಗೆ ತಗ್ಗಾಗಿತ್ತು.

ಜಪಾನು ಸೋತಿತು ಎಂದು ಊರಲ್ಲಿ ಪಟಾಕಿ ಹೊಡೆದು ಒಂದು ವಾರವಾಗಿತ್ತು. ಒಂದು ಬೆಳಿಗ್ಗೆ ನಮ್ಮವರಿಗೆ ಮದ್ರಾಸಿನಿಂದ ಕಾಗದ ಬಂತು. ಅವರು ನಿಂತೇ ಓದಿದರು. ನಾಲ್ಕು ಮಡಿಕೆ ಮಾಡಿ ಪಂಚಾಂಗದ ಒಳಗೆ ಇಟ್ಟರು. ಆಮೇಲೆ ನೀರು ಕೇಳಿದರು.

“ಏನಂತೆ?”

“ಹದಿನೈದು ದಿವಸದೊಳಗ ಎಲ್ಲಾ ಮುಗೀತದ. ಇರೋ ಹುರಿ ಮುಗಿಸಿ, ಬಲೆ ಮೂಟಿ ಕಟ್ಟಿ ಕಡೇ ಬೇಲು ಕಳಿಸಬೇಕಂತ. ಅಲ್ಲೀತನಕ ಹೆಣ್ಣುಮಕ್ಕಳಿಗೆ ಹೇಳಬಾರದಂತ.”

“ಯಾಕೆ?”

“ಹೇಳಿದ್ರೆ ಕೈ ಬಿಡ್ತಾರ, ಬೇಲು ಅರ್ಧಕ್ಕ ನಿಲ್ತದ. ನಿಂತ್ರೆ ನನಗ ಶಿಫಾರಸು ಪತ್ರ ಇಲ್ಲ. ಅದಿಲ್ಲದೆ ಇನ್ನೆಲ್ಲಿ ಕೆಲಸ ಹುಡುಕಲಿ? ನೀನೂ ಬಾಯಿ ಬಿಡಬ್ಯಾಡ.”

ನಾನು ಬಿಡಲಿಲ್ಲ. ಹನ್ನೊಂದು ದಿನ ದಿನಾಲೂ ಹೋಗಿ ಅವರ ನಡುವೆ ಕೂತು ಬಂದೆ. ಹುರಿಯ ಉಂಡೆಗಳು ದಿನಕ್ಕೆ ದಿನ ಕರಗುವುದು ಎಲ್ಲರಿಗೂ ಕಾಣುತ್ತಿತ್ತು. ಮೂಲೆಯಲ್ಲಿ ಉಂಡೆಗಳನ್ನು ಒಟ್ಟಿದ್ದ ಗೋಡೆಯ ಸುಣ್ಣ ಮೊದಲ ಬಾರಿಗೆ ಬಯಲಾಯಿತು. ಐದಾರನೆಯ ದಿನ ಇರಬೇಕು, ಗಂಗವ್ವ ಕೈ ನಿಲ್ಲಿಸದೆ ಕೇಳಿದಳು:

“ಅಮ್ಮಾರೆ, ಹೊಸ ಹುರಿ ಯಾಕ ಬಂದಿಲ್ಲ?”

“ರೈಲು ತಡವಾಗಿರಬೇಕು” ಅಂದೆ.

ಅಷ್ಟೇ. ಎರಡೇ ಮಾತು. ಕಾನ್ವೆಂಟಿನಲ್ಲಿ ಸುಳ್ಳು ಹೇಳಿದರೆ ಅಂಗೈ ಮುಂದೆ ಚಾಚಿ ಪಟ್ಟಿಯ ಏಟು ತಿನ್ನುತ್ತಿದ್ದೆವು. ಇಲ್ಲಿ ಗಂಗವ್ವ “ಹೌದಾ” ಅಂದು ನನಗೆ ಎಲೆಅಡಿಕೆ ಕೊಟ್ಟಳು. ನಾನು ಅದನ್ನು ತೆಗೆದುಕೊಂಡೆ.

ಕಡೆಯ ಬೇಲನ್ನು ಸ್ಟೇಷನ್ನಿಗೆ ಸಾಗಿಸಿದ ಮೇಲೆ ನಮ್ಮವರು ಶೆಡ್ಡಿನ ಬಾಗಿಲಲ್ಲಿ ನಿಂತು ವಿಷಯ ಹೇಳಿದರು. ಯಾರೂ ಅಳಲಿಲ್ಲ. ಒಬ್ಬಾಕೆ ನಕ್ಕೇಬಿಟ್ಟಳು. ಗಂಗವ್ವ ಎದ್ದು, ಮಡಿಲಲ್ಲಿದ್ದ ಎಳೆಗಳನ್ನು ಕೊಡವಿ, ನೇರ ನನ್ನ ಮುಂದೆ ಬಂದು ನಿಂತಳು.

“ರೈಲು ತಡಾನೇನ್ರೀ ಅಮ್ಮಾರೆ?”

ನನ್ನ ಮುಖ ಸುಟ್ಟ ಹಾಗಾಯಿತು. “ಗಂಗವ್ವಾ, ಇವರಿಗೆ ತೊಂದರೆ ಆಗಬಾರದು ಅಂತ…”

“ಆಗಬಾರದು. ರಾಯರಿಗೆ ಯಾಕ ತೊಂದರಿ ಆಗಬೇಕು? ನನ್ನ ತಮ್ಮ ಚೋರನೂರಾಗ ಹೋದ ವರ್ಷದ ಪುಂಡಿ ನಾರು ಗುಡ್ಡಿ ಹಾಕಿ ಇಟ್ಟಿದ್ದ. ಬೇಕೇನಕ್ಕಾ ಅಂತ ಹೇಳಿ ಕಳಿಸಿದ. ಸರಕಾರದ ಹುರಿ ರೈಲಿನ್ಯಾಗ ಬರಾಕತ್ತೈತಿ, ನನಗ್ಯಾಕಪಾ ಅಂದೆ. ಮೊನ್ನೆ ಹಗ್ಗದ ಮಂದಿಗೆ ಕೊಟ್ಟುಬಿಟ್ಟ. ಆ ನಾರು ಇದ್ದಿದ್ರ ನಾಳಿಯಿಂದ ನಮ್ಮ ಕೈ ನಡೀತಿತ್ತು. ಈಗ ಹೊಸ ಪುಂಡಿ ಕೊಯ್ಯಾತನ ಕೈ ಕಟಿಗೊಂಡು ಕುಂದ್ರಬೇಕು.”

ಅವಳು ಕೂಗಲಿಲ್ಲ. ಕೂಗಿದ್ದರೆ ಸ್ವಲ್ಪ ಹಗುರವಾಗುತ್ತಿತ್ತು.

ಮರುದಿನವೇ ಸಾವ್ಕಾರರು ಬಂದರು. ಒಳ್ಳೆಯವರೇ. ಆದರೆ ಕಾರ್ತಿಕದಲ್ಲಿ ಕಂಪ್ಲಿ ಕಡೆಯ ಭತ್ತ ಮಿಲ್ಲಿಗೆ ಬರುತ್ತದೆ, ಇಡಲು ಜಾಗ ಬೇಕು. ಶೆಡ್ಡು ಖಾಲಿ ಮಾಡಿ ಎಂದರು. ಹೆಂಗಸರು ಕಂಗಾಲಾದರು. ಒಬ್ಬೊಬ್ಬರೇ ಮನೆಯಲ್ಲಿ ಕೂತು ಹೆಣೆಯುವ ಬಲೆ ಅಲ್ಲ ಅದು, ಅಗಲವಾದ ಜಾಗ ಬೇಕು. ನಾಲ್ಕು ಮಂದಿ ಸಂಡೂರಿನ ಗಣಿಗಳ ಕಡೆ ಹೋಗಿ ಕೇಳಿ ಬಂದರು. ಅಲ್ಲೂ ಯುದ್ಧಕ್ಕೆಂದೇ ಅದಿರು ತೆಗೆಯುತ್ತಿದ್ದರಂತೆ. ಇವರು ಹತ್ತುವಾಗ ಅಲ್ಲಿಯ ಆಳುಗಳು ಗಂಟು ಹೊತ್ತು ಗುಡ್ಡ ಇಳಿಯುತ್ತಿದ್ದರಂತೆ.

ಗಂಗವ್ವ ಸಾವ್ಕಾರರ ಗಾಡಿಯ ಎದುರು ನಿಂತಳು. “ಯಪ್ಪಾ, ಕರಾವಳಿಯಿಂದ ತೆಂಗಿನ ನಾರಿನ ಬಲೆ ಬರೋದು ಯುದ್ಧದಾಗ ನಿಂತು ಎಷ್ಟ ದಿನ ಆತು? ನಿಮ್ಮ ಗಾಡ್ಯಾಗ ಶೇಂಗಾ ಹೊಟ್ಟು ಹೇರೋ ಬಲೆಗಳೆಲ್ಲಾ ಹರದು ಚಿಂದಿ ಆಗ್ಯಾವು. ನಾವು ಪುಂಡಿ ನಾರಿನಾಗ ಮಾಡಿ ಕೊಡ್ತೀವಿ. ಬಲೆ ಚಲೋ ಬಂದ್ರ ಶೆಡ್ ನಮಗ ಬಿಡ್ರಿ.”

ಸಾವ್ಕಾರರು ಯೋಚಿಸಿದರು. ವಡ್ಡು ಎಂಬ ಹಳ್ಳಿಯ ಕಡೆಯ ಬೆದ್ದಲು ಹೊಲಗಳಿಂದ ಹೊಟ್ಟನ್ನು ತಂದು ಕಂಪ್ಲಿಯ ಕಬ್ಬಿನ ಗಾಡಿಯ ಎತ್ತುಗಳಿಗೆ ಹಾಕುವುದು ಅವರ ಪ್ರತಿ ವರ್ಷದ ಪಾಡು. “ಒಂದ ಬಲೆ ಮಾಡ್ರಿ ಮೊದಲು. ನೋಡೂಣು.”

ಭಾದ್ರಪದದಲ್ಲಿ ಇನ್ನೂ ಹಸಿರಾಗಿದ್ದ ಪುಂಡಿಯನ್ನೇ ಬೇಡಿ ತಂದು ಕಾಲುವೆಯ ಮೂಲೆಯಲ್ಲಿ ಮುಳುಗಿಸಿದೆವು. ‘ಮುಳುಗಿಸಿದೆವು’ ಎನ್ನುತ್ತೇನೆ, ಯಾಕೆಂದರೆ ನಾನೂ ಹೋಗಿದ್ದೆ. ಯಾರೂ ಕರೆದಿರಲಿಲ್ಲ. ಮೊದಲ ದಿನ ಯಾರೂ ಮಾತಾಡಿಸಲೂ ಇಲ್ಲ. ಪುಂಡಿ ಕೊಳೆತ ಮೇಲೆ, ಮೊಣಕಾಲು ನೀರಿನಲ್ಲಿ ನಿಂತು ಕಡ್ಡಿಯಿಂದ ನಾರು ಸುಲಿದು ಬಡಿಯುವಾಗ ಲೋಳೆ ಮುಖಕ್ಕೆ ಸಿಡಿಯಿತು. ಮೂಗು ಮುಚ್ಚಿಕೊಂಡು ದಂಡೆಗೆ ಓಡಿದೆ. ಹಿಂದಿನಿಂದ ಮಸ್ತಾನ್‌ಬಿ, “ಅರೆ, ಕಾನ್ವೆಂಟಿನ್ಯಾಗ ಇದನ್ನ ಕಲಿಸಲಿಲ್ಲೇನ್ರೀ?” ಅಂದಳು. ಎಲ್ಲರೂ ನಕ್ಕರು. ಗಂಗವ್ವ ನಗಲಿಲ್ಲ. ಆದರೆ ಸಂಜೆ ಹೊರಡುವಾಗ, ಹುಣಸೆಹಣ್ಣು ಹಚ್ಚಿ ತೊಳೆದರೆ ಕೈ ವಾಸನೆ ಹೋಗುತ್ತದೆ ಎಂದು ನನಗೆ ಕೇಳುವ ಹಾಗೆ ಇನ್ನೊಬ್ಬಾಕೆಗೆ ಹೇಳಿದಳು. ಹೋಗಲಿಲ್ಲ ಅನ್ನಿ. ನಮ್ಮವರು ಎಷ್ಟೋ ದಿನ ತಾವೇ ಬಡಿಸಿಕೊಂಡು ಉಂಡರು.

ಬಲೆ ಸಿದ್ಧವಾಯಿತು. ಹೊಂಬಣ್ಣದ ನಾರು, ಒಳ್ಳೆ ಬಿಗಿಯಾದ ಗಂಟು. ನಲವತ್ತು ಹೆಂಗಸರೂ ಸುತ್ತ ನಿಂತು ಕೈಯಾಡಿಸಿ ಮೆಚ್ಚಿಕೊಂಡರು. ಗಾಡಿ ಹುಚ್ಚಪ್ಪ ಎಂಬ ಸಾವ್ಕಾರರ ಹಳೆಯ ಆಳು ಅದನ್ನು ವಡ್ಡಿಗೆ ಒಯ್ದು ಹೊಟ್ಟು ತುಂಬಿಸಿ ತರಬೇಕು. ಅವನು ಬರುವ ದಿನ ನಾವೆಲ್ಲ ಮಿಲ್ಲಿನ ಅಂಗಳದಲ್ಲಿ ಕಾದೆವು. ಇಳಿಹೊತ್ತಿಗೆ ಗಾಡಿ ಕಂಡಿತು. ಮೊದಲು ಏನೋ ಸರಿಯಿಲ್ಲ ಅನ್ನಿಸಿತು. ಹತ್ತಿರ ಬಂದಾಗ ಗೊತ್ತಾಯಿತು. ಹೇರು ಒಂದು ಕಡೆ ಜೋತುಬಿದ್ದು ಗಾಡಿ ಎಡಕ್ಕೆ ವಾಲಿತ್ತು. ಬಲೆಯ ಅರ್ಧ ಖಾಲಿ. ಹಿಂದೆ ಒಂದು ಹಿಂಡು ಆಡು.

ಹುಚ್ಚಪ್ಪ ನೊಗದಿಂದ ಇಳಿದು ಕೈ ಮುಗಿದ. “ಏನವ್ವಾ ತಾಯಂದಿರಾ, ನಿಮ್ಮ ಬಲೆ ಪುಣ್ಯದಿಂದ ವಡ್ಡಿನಿಂದ ಇಲ್ಲೀತನ ಎಲ್ಲಾ ಊರಿನ ಆಡು ಇವತ್ತು ಹಬ್ಬ ಮಾಡ್ಯಾವು. ನನಗ ಒಂದೊಂದು ಆಡೂ ಹೆಸರು ಹಿಡದು ಹರಸೈತಿ.”

ಸಾವ್ಕಾರರು ಬಲೆಯನ್ನು ಕಲ್ಲುಹಾಸಿನ ಮೇಲೆ ಬಿಡಿಸಿ ಹಾಕಿಸಿದರು. ಒಂದು ಕಣ್ಣಿನಲ್ಲಿ ಅವರ ಬೆರಳು ಮಾತ್ರ ಹೋಯಿತು. ಪಕ್ಕದ ಕಣ್ಣಿನಲ್ಲಿ ಇಡೀ ಮುಷ್ಟಿ ಹೋಯಿತು. “ಇದೇನು ಹೆಣಿಕಿನೋ, ಹುಚ್ಚರ ಆಟನೋ?”

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಅವರ ಕಣ್ಣಿಗೆ ಅದು ಒಳ್ಳೆಯ ಬಲೆ. ತಪ್ಪು ಎಲ್ಲಿದೆ ಎಂದು ನಿಜವಾಗಿಯೂ ಅವರಿಗೆ ತಿಳಿಯಲಿಲ್ಲ. ಅಷ್ಟು ವರ್ಷ ಏರುಪೇರಾಗಿ ಹೆಣೆದದ್ದನ್ನೇ ಸರಿ ಎಂದು ತಪಾಸಣೆ ಮಾಡಿ ಮುದ್ರೆ ಒತ್ತಿದವರು ನಮ್ಮವರು. ಅವರೂ ಅಲ್ಲೇ ನಿಂತು ನೆಲ ನೋಡುತ್ತಿದ್ದರು. ನಾನು ಬಗ್ಗಿ ಅಕ್ಕಪಕ್ಕದ ಎರಡು ಕಣ್ಣುಗಳಲ್ಲೂ ಬೆರಳಿಟ್ಟು ಅಳೆದೆ. ಆಗ ಗಂಗವ್ವನಿಗೆ ಥಟ್ಟನೆ ತಪ್ಪು ಕಂಡಿತು. ಅವಳು ಬಾಯಿಗೆ ಸೆರಗು ಹಿಡಿದಳು.

“ಯಪ್ಪಾ, ಇನ್ನೊಂದ ಸಲ…”

“ದೀಪಾವಳಿ ಮುಗಿಯೋದರಾಗ ಹನ್ನೆರಡು ಬಲೆ. ಕಂಪ್ಲಿಗೆ ತಂದು ನನ್ನ ಮನಿ ಅಂಗಳದಾಗ ತೋರಸ್ರಿ. ಒಂದು ಕೆಟ್ಟಿದ್ರೂ ಶೆಡ್ಡಿನಾಗ ಭತ್ತ ಸುರಿಸ್ತೀನಿ.”

ಉಳಿದದ್ದು ಮೂವತ್ತು ದಿನಕ್ಕೂ ಕಡಿಮೆ. ಕಾನ್ವೆಂಟಿನಲ್ಲಿ ಒಬ್ಬ ಸಿಸ್ಟರ್ ನಮಗೆ ಲೇಸಿನ ಜಾಲರಿ ಹೆಣೆಯಲು ಕಲಿಸುವಾಗ ಒಂದು ಚಪ್ಪಟೆ ಕಡ್ಡಿ ಕೊಡುತ್ತಿದ್ದರು. ಪ್ರತಿ ಗಂಟನ್ನೂ ಅದರ ಮೇಲೆ ಸುತ್ತಿ ಹಾಕಿದರೆ ಕಣ್ಣೆಲ್ಲ ಒಂದೇ ಅಳತೆ. ಅಂಥ ಕಡ್ಡಿಗಳನ್ನು ಬಿದಿರಿನಲ್ಲಿ ಮಾಡೋಣ ಎಂದೆ. ನಮ್ಮವರು ಎರಡು ದಿನ ಜಗಲಿಯಲ್ಲಿ ಕೂತು, ನಲವತ್ತು ಕಡ್ಡಿ ಸೀಳಿ ನಯಮಾಡಿ ಕೊಟ್ಟರು. ಅವರ ಕೈಗೆ ಸಿಬುರು ಚುಚ್ಚಿಕೊಂಡರೂ ನನಗೆ ತೋರಿಸಲಿಲ್ಲ.

ಕಡ್ಡಿ ಸಿಕ್ಕಿತು. ಕೈ ಬಗ್ಗಲಿಲ್ಲ. ಹತ್ತು ಕಣ್ಣು ಸಮ ಬಂದರೆ ಹನ್ನೊಂದನೆಯದಕ್ಕೆ ಬೆರಳು ತಾನಾಗಿ ಜಾರುತ್ತಿತ್ತು. ಗಂಗವ್ವ ದಿನವೆಲ್ಲ ಬಿಚ್ಚುವುದೇ ಮಾಡಿದಳು. “ಹೆಣಿಯೋದು ಕಲಿಯಾಕ ನನಗ ಒಂದು ವಾರ ಹಿಡದಿತ್ತು, ಮರಿಯಾಕ ಜಲ್ಮ ಹಿಡೀತೈತಿ” ಎಂದು ತನ್ನ ಕೈಗೆ ತಾನೇ ಬೈದುಕೊಂಡಳು. ಒಂದು ಮಧ್ಯಾಹ್ನ ಮಸ್ತಾನ್‌ಬಿ ಕಡ್ಡಿ ಕೆಳಗಿಟ್ಟು ಸೂರಿನ ಕಡೆ ನೋಡಿದಳು.

“ಏನಾಯ್ತು?”

“ಸಮ ಹಾಕಿದ್ರ ಎದಿ ಡವಡವ ಅಂತೈತ್ರೀ ಅಮ್ಮಾರೆ. ಮ್ಯಾಲಿಂದ ಯಾರೋ ನೋಡಾಕತ್ತಾರ ಅನಸ್ತೈತಿ.”

“ಯುದ್ಧ ಮುಗಿದಿದೆಯಲ್ಲ ಮಸ್ತಾನ್‌ಬಿ. ನಿಮ್ಮ ಮಗ ಸುಖವಾಗಿದ್ದಾನೆ ಅಂತ ನಾನೇ ಕಾಗದ ಓದಿದೆ.”

“ನಿಮ್ಮ ಕಾಗದಕ್ಕ ಮುಗದೈತಿ. ನನ್ನ ಕೈಗೆ ಮುಗದಿಲ್ಲ.”

ಗಂಗವ್ವ ಎದ್ದು ಬಂದಳು. ಅವಳು ಮಸ್ತಾನ್‌ಬಿಯ ಬೆನ್ನ ಹಿಂದೆ ಕೂತು, ಮಗುವಿಗೆ ಅಕ್ಷರ ತಿದ್ದಿಸುವ ಹಾಗೆ ಎರಡೂ ಕೈ ಹಿಡಿದು ಗಂಟು ಹಾಕಿಸಿದಳು. ಒಂದು ಕಣ್ಣು ಮುಗಿದ ಕೂಡಲೇ, “ಇದರ ಕೆಳಗ ಯಾರದಾರಲೇ?” ಎಂದು ಕೇಳುವಳು. “ಎತ್ತು” ಎನ್ನಬೇಕು ಮಸ್ತಾನ್‌ಬಿ. “ಇದರ ಕೆಳಗ?” “ಹೊಟ್ಟು.” “ಇದರ ಕೆಳಗ?” “ಹುಚ್ಚಪ್ಪನ ಬೋಳುತಲಿ.” ಶೆಡ್ಡು ನಕ್ಕಿತು. ನಾಲ್ಕಾರು ದಿನದಲ್ಲಿ ಎಲ್ಲರೂ ಆ ಪ್ರಶ್ನೆ ಉತ್ತರ ಹೇಳಿಕೊಂಡೇ ಹೆಣೆಯತೊಡಗಿದರು. ಕೈ ನಿಧಾನವಾಗಿ ಬಗ್ಗಿತು.

ಆ ವರ್ಷ ನಮ್ಮ ಓಣಿಯಲ್ಲಿ ಯಾರೂ ದೀಪಾವಳಿಗೆ ಕಜ್ಜಾಯ ಕರಿಯಲಿಲ್ಲ. ಪಾಡ್ಯದ ಮರುದಿನ ಹನ್ನೆರಡು ಬಲೆ ಹೇರಿಕೊಂಡು, ಗಂಗವ್ವ, ಮಸ್ತಾನ್‌ಬಿ, ನಾನು ಹುಚ್ಚಪ್ಪನ ಗಾಡಿಯಲ್ಲಿ ಕಮಲಾಪುರದ ಮೇಲೆ ಕಂಪ್ಲಿಗೆ ಹೊರಟೆವು. ನಮ್ಮವರು ಬಾಗಿಲವರೆಗೆ ಬಂದರು. ಶಿಫಾರಸು ಪತ್ರ ಬಂದೇ ಇರಲಿಲ್ಲ. ಮದ್ರಾಸಿಗೆ ಬರೆದ ಮೂರು ಕಾಗದಕ್ಕೂ ಉತ್ತರವಿಲ್ಲ. “ಸಾವ್ಕಾರರು ನನ್ನ ವಿಷಯ ಏನಾದರೂ ಅಂದ್ರೆ…” ಎಂದು ಶುರುಮಾಡಿ, ಅಲ್ಲಿಗೇ ನಿಲ್ಲಿಸಿದರು.

ಬಾಳೆತೋಟ ದಾಟಿ, ಬಂಡೆಗಳು ದಾಟಿ, ಕಾಲುವೆ ಸಾಲು ಹಿಡಿದಾಗ ಗದ್ದೆಗಳು ಹಣ್ಣಾಗಿದ್ದವು. ಗಂಗವ್ವ ಗದ್ದೆಯ ಕಡೆ ಗದ್ದ ತೋರಿಸಿ, “ನಮ್ಮ ಶೆಡ್ಡಿನ್ಯಾಗ ಸುರಿಯೋ ಭತ್ತ ಅಲ್ಲಿ ನಿಂತೈತಿ ನೋಡ್ರಿ” ಅಂದಳು. ಅವತ್ತಿನ ರೈಲಿನ ಮಾತಿನ ಮೇಲೆ ಅವಳು ನೇರವಾಗಿ ನನಗೇ ಎಂದು ಆಡಿದ ಮೊದಲ ಮಾತು ಅದು.

ಸಾವ್ಕಾರರ ಕಂಪ್ಲಿ ಮನೆಯ ಅಂಗಳದಲ್ಲಿ ಹತ್ತೆಂಟು ಗಾಡಿಗಳು ಮೂಕಿ ನೆಲಕ್ಕೆ ಊರಿ ನಿಂತಿದ್ದವು. ಗಾಡಿಯವರೆಲ್ಲ ಸುತ್ತ ನೆರೆದರು. ಸಾವ್ಕಾರರು ಮೊದಲು ಒಂದೊಂದು ಬಲೆಯ ಒಂದೊಂದು ಕಣ್ಣಿಗೂ ಬೆರಳು ತೂರಿಸಿ ನೋಡಿದರು. ಆಮೇಲೆ ಒಂದನ್ನು ತಾವೇ ಆರಿಸಿದರು. ಅದರಲ್ಲಿ ಶೇಂಗಾ ಹೊಟ್ಟು ತುಳಿದು ತುಳಿದು ತುಂಬಿ, ಬಾಯಿ ಬಿಗಿದು, ಆರು ಮಂದಿ ಸೇರಿ ಗಾಡಿಗೆ ಏರಿಸಿದರು. ನಾರು ಕಿರ್ ಎಂದಿತು. ಮಸ್ತಾನ್‌ಬಿ ಕಣ್ಣು ಮುಚ್ಚಿಕೊಂಡಳು. ಹುಚ್ಚಪ್ಪ ಹೇರಿನ ಮೇಲೆ ಹತ್ತಿ, ಎರಡು ಸಲ ಜಿಗಿದು, ಮೂರನೆಯ ಸಲ ಬೇಕಂತಲೇ ಕುಂಡಿ ಊರಿ ಬಿದ್ದ. ಗಾಡಿಯನ್ನು ಕಲ್ಲುದಾರಿಯಲ್ಲಿ ಹೊಳೆಯ ದಂಡೆಯವರೆಗೂ ಓಡಿಸಿ ತಂದರು. ಸಾವ್ಕಾರರು ಗಾಡಿಯ ಹಿಂದೆ ಬಗ್ಗಿ ನಡೆದು ನೆಲ ನೋಡಿದರು. ದಾರಿಯ ಮೇಲೆ ಒಂದು ಹಿಡಿ ಹೊಟ್ಟೂ ಇರಲಿಲ್ಲ.

“ಆತು ಬಿಡ್ರಿ” ಅಂದರು. ಮುಖ ಅರಳಿತ್ತು. ನಮ್ಮನ್ನು ಕಟ್ಟೆಯ ಮೇಲೆ ಕೂಡಿಸಿ ಬೆಲ್ಲದ ಪಾನಕ ತರಿಸಿದರು. “ಕೇಳು ಗಂಗವ್ವಾ. ಶೆಡ್ ನಿಮ್ದ. ವರ್ಷ ಪೂರ್ತಿ ನೀವೆಷ್ಟ ಬಲೆ ಹೆಣೀತೀರೋ ಅಷ್ಟೂ ನಾನ ತಗೋತೀನಿ. ನಲವತ್ತು ಮಂದಿಗೂ ಕೆಲ್ಸ. ರಾಯರು ಮಿಲ್ಲಿನ್ಯಾಗ ಕುಂತು ಬರಕೊಂಡು ಇರ್ಲಿ. ಒಂದ ಮಾತು. ಹೊರಗ ಒಂದು ಬಲೆನೂ ಹೋಗಬಾರದು. ನನ್ನ ಬಿಟ್ಟು ಮತ್ತೊಬ್ಬರಿಗೆ ಇಲ್ಲ.”

ನನಗೆ ಪಾನಕ ನೆತ್ತಿಗೆ ಹತ್ತಿತು, ಸಂತೋಷಕ್ಕೆ. ನಮ್ಮವರ ಕೆಲಸ, ಶೆಡ್ಡು, ನಲವತ್ತು ಮನೆ, ಎಲ್ಲ ಒಂದೇ ಮಾತಿನಲ್ಲಿ ಬಗೆಹರಿದಿತ್ತು. ಮಸ್ತಾನ್‌ಬಿ ಗಂಗವ್ವನ ಸೆರಗು ಜಗ್ಗಿದಳು, ಹೂಂ ಅನ್ನು ಎಂದು.

ಗಂಗವ್ವ ಲೋಟ ಕೆಳಗಿಟ್ಟಳು. “ಯಪ್ಪಾ, ಕರಾವಳಿಯಿಂದ ತೆಂಗಿನ ಬಲೆ ಮತ್ತ ಬರಾಕ ಹತ್ತಿದ ದಿವ್ಸ?”

“ಅದು ಆವಾಗಿನ ಮಾತು.”

“ಆವಾಗಿನ ಮಾತು ಈ ಸಲ ಈಗ ಆಡಿಬಿಡೂಣ್ರಿ. ಒಬ್ಬ ದೊರಿಯನ್ನ ನಂಬಿ ಇಷ್ಟು ವರ್ಷ ಉಂಡ್ವಿ. ಅವನಿಗೆ ಬ್ಯಾಡಾತು, ನಮಗ ಕೂಳಿಲ್ಲದಂಗಾತು. ಅವನು ಕೆಟ್ಟವ ಅಲ್ಲ. ನೀವೂ ಕೆಟ್ಟವರಲ್ಲ. ಆದ್ರ ಗಿರಾಕಿ ಒಬ್ಬರ. ಹನ್ನೆರಡರಾಗ ಆರು ನಿಮಗ. ಆರು ಊರಿಗೆ. ಯಾವಾಗಲೂ ಹಂಗ.”

ಸಾವ್ಕಾರರ ಕಿವಿ ಕೆಂಪಾಯಿತು. “ಅರ್ಧ ಊರಿಗೆ ಮಾರೋರಿಗೆ ಶೆಡ್ ಬಿಟ್ಟುಕೊಡಾಕ ನಾನೇನು ಧರ್ಮಛತ್ರ ಇಟ್ಟಿಲ್ಲ.” ಆಮೇಲೆ ನನ್ನ ಕಡೆ ತಿರುಗಿದರು. “ನೀವು ಓದಿದವರು. ಆಕಿಗೆ ಬುದ್ಧಿ ಹೇಳ್ರಿ ಅಮ್ಮಾ. ರಾಯರದೂ ಇದರಾಗ ಐತಿ.”

ಎಲ್ಲರೂ ನನ್ನನ್ನು ನೋಡಿದರು. ಗಂಗವ್ವ ಮಾತ್ರ ನೋಡಲಿಲ್ಲ. ಮೊಣಕಾಲ ಮೇಲಿದ್ದ ಬಲೆಯ ಒಂದು ಗಂಟನ್ನು ಆ ತಗ್ಗುಬಿದ್ದ ಉಗುರಿನಿಂದ ಸುಮ್ಮನೆ ಒತ್ತುತ್ತಾ ಕೂತಿದ್ದಳು. ನಾನು ಏನು ಹೇಳಿದರೂ ಅವಳಿಗೆ ಆಶ್ಚರ್ಯವಾಗುವುದಿಲ್ಲ ಎಂದು ನನಗೆ ತಿಳಿಯಿತು. ಬಾಗಿಲಲ್ಲಿ ಅರ್ಧ ಮಾತಿಗೆ ನಿಂತ ನಮ್ಮವರ ಮುಖ ನೆನಪಾಯಿತು.

“ಗಂಗವ್ವ ಹೇಳಿದ ಹಾಗೇ ಆಗಲಿ” ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ. ಮತ್ತೊಮ್ಮೆ ಹೇಳಿದೆ.

“ಹಂಗಾದ್ರ ಎಂಟು ದಿನದಾಗ ಶೆಡ್ ಖಾಲಿ ಮಾಡ್ರಿ” ಎಂದು ಸಾವ್ಕಾರರು ಎದ್ದು ಒಳಗೆ ಹೋದರು. ಆದರೆ ಹೋಗುವ ಮೊದಲು ಆರು ಬಲೆಗಳನ್ನು ಎಣಿಸಿ ಇಳಿಸಿಕೊಂಡರು. ಎತ್ತುಗಳಿಗೆ ಹೊಟ್ಟು ಬೇಕಿತ್ತಲ್ಲ.

ಮುಂದೆ ಏನಾಯಿತು ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ನಲವತ್ತರಲ್ಲಿ ಹದಿನಾಲ್ಕು ಮಂದಿ ಗಂಗವ್ವನಿಗೆ ಹಿಡಿ ಮಣ್ಣು ತೂರಿ, ಬಂದ ಭಾಗ್ಯ ಕಾಲಲ್ಲಿ ಒದ್ದಳು ಎಂದು ಶಪಿಸಿ, ಹೊಳೆಗೆ ಕಟ್ಟೆ ಕಟ್ಟುವಲ್ಲಿ ಕಲ್ಲು ಹೊರಲು ಹೋದರು. ಅವರನ್ನು ನಾನು ತಪ್ಪು ಎನ್ನಲಾರೆ. ಉಳಿದವರು ಕಲಿತದ್ದು ಒಂದೇ ಬಲೆಯಲ್ಲ. ಕಡ್ಡಿರಾಂಪುರದ ತೋಟದವರಿಗೆ ಬಾಳೆಗೊನೆ ಹೊರುವ ಜಾಳಿಗೆ, ಒಕ್ಕಣೆಯಲ್ಲಿ ಎತ್ತಿನ ಬಾಯಿಗೆ ಕಟ್ಟುವ ಕುಕ್ಕೆ, ಮನೆಮನೆಗೆ ಮೊಸರುಗಡಿಗೆ ತೂಗುವ ನೆಲುವು. ಮಸ್ತಾನ್‌ಬಿ ಮತ್ತಿಬ್ಬರು ಹಂಪಿಯ ಹರಿಗೋಲಿನವರಿಗೆ ಮೀನಿನ ಬಲೆ ಹಾಕಿಕೊಟ್ಟರು. ಗಂಗವ್ವ ಮಾತ್ರ ಅದನ್ನು ಮುಟ್ಟುತ್ತಿರಲಿಲ್ಲ. “ನಿನ್ನ ಬಲೆ ನನ್ನ ಲಿಂಗಕ್ಕ ತಾಕಿಸಬ್ಯಾಡಲೇ” ಎಂದು ಅವಳು, “ನಿನ್ನ ಲಿಂಗ ನನ್ನ ಮೀನ ಹೆದರಿಸಬ್ಯಾಡ” ಎಂದು ಇವಳು, ದಿನಾ ಜಗಳ. ನಮ್ಮವರು ಬಲೆಗಳನ್ನು ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಸಂಡೂರು, ಕಂಪ್ಲಿ ಸಂತೆಗಳಿಗೆ ಒಯ್ಯತೊಡಗಿದರು. ಮೊದಲ ಸಲ ಸಂತೆಯಲ್ಲಿ ಕೂಗಲು ನಾಚಿ, ಯಾರಾದರೂ ಕೇಳಲಿ ಎಂದು ಇಡೀ ದಿನ ಸುಮ್ಮನೆ ನಿಂತಿದ್ದು ಬಂದರು. ಎರಡು ವರ್ಷಕ್ಕೆ ತೆಂಗಿನ ಬಲೆ ಕರಾವಳಿಯಿಂದ ಮತ್ತೆ ಬಂತು, ಸಾವ್ಕಾರರು ಗಂಗವ್ವ ಅಂದ ಹಾಗೇ ಕೊಳ್ಳುವುದು ನಿಲ್ಲಿಸಿದರು. ಆ ತಿಂಗಳು ಕಷ್ಟವಾಯಿತು. ಒಲೆ ಆರಲಿಲ್ಲ.

ಆದರೆ ಇದೆಲ್ಲ ಆಮೇಲಿನದು. ಕಂಪ್ಲಿಯಿಂದ ಬಂದ ಸಂಜೆ ನನಗೆ ಇದಾವುದೂ ಗೊತ್ತಿರಲಿಲ್ಲ. ಸಾವ್ಕಾರರು ಕೊಡುತ್ತೇನೆಂದ ಕೆಲಸ, ನಾನು ಆಡಿದ ಮಾತು, ಎರಡನ್ನೂ ನಮ್ಮವರಿಗೆ ಹೇಳಿದೆ. ಇವರು ಕೇಳಿಸಿಕೊಂಡು ಎದ್ದುಹೋಗಿ ಜಗಲಿಯಲ್ಲಿ ಕೂತರು. ಅವತ್ತಿನಿಂದ ನನ್ನ ಜೊತೆ ಮಾತಿಲ್ಲ. ಬಡಿಸಿದ್ದನ್ನು ಉಂಡು ಏಳುವರು.

ಎಂಟನೆಯ ದಿನ ಬೆಳಿಗ್ಗೆ ಹೆಂಗಸರು ಶೆಡ್ಡಿನಿಂದ ನಾರು, ಕಡ್ಡಿ, ಹಗ್ಗ ಎಲ್ಲವನ್ನೂ ಹೊತ್ತು ತಂದು ಓಣಿಯಲ್ಲಿ ಇಳಿಸಿದರು. ಹೆಣೆಯಲು ಜಾಗ ಎಲ್ಲಿ? ಗಂಗವ್ವ ಓಣಿಯ ಈ ಗೋಡೆ ಆ ಗೋಡೆ ನೋಡಿದಳು. ಎರಡೂ ಕಡೆ ಗೂಟ ಹೊಡೆದು ನಡುವೆ ಬಲೆ ಕಟ್ಟಿದರೆ ಶೆಡ್ಡಿನಷ್ಟೇ ಅಗಲ. ಆದರೆ ಯಾರ ಗೋಡೆಗೆ ಮೊದಲ ಗೂಟ? ಮಣ್ಣಿನ ಗೋಡೆಗಳ ಆ ಸಾಲಿನಲ್ಲಿ ಕಲ್ಲಿನ ಮನೆ ಎಂದರೆ ನಮ್ಮದೊಂದೇ. ಗಂಗವ್ವ ಕೇಳಲಿಲ್ಲ. ಕೇಳುವುದಿಲ್ಲ ಎಂದೂ ನನಗೆ ಗೊತ್ತಿತ್ತು. ಒಳಗೆ ಹೋಗಿ ಕಲ್ಲುಗುಂಡು ತಂದೆ. ಅವಳ ಕೈಯಿಂದ ಗೂಟ ತೆಗೆದುಕೊಂಡು, ಹೊಸದಾಗಿ ಸುಣ್ಣ ಬಳಿದಿದ್ದ ನಮ್ಮ ಮುಂಗೋಡೆಯ ಸಂದಿನಲ್ಲಿ ಇಟ್ಟು ಹೊಡೆದೆ. ಸುಣ್ಣ ಉದುರಿ ನನ್ನ ಪಾದದ ಮೇಲೆ ಬಿತ್ತು. ಎರಡನೆಯ ಏಟಿಗೆ ನಮ್ಮವರು ಹೊರಗೆ ಬಂದರು.

ಹೆಂಗಸರು ಹಿಂದೆ ಸರಿದರು. ಇವರು ಗೂಟ ನೋಡಿದರು, ಗೋಡೆ ನೋಡಿದರು, ನನ್ನನ್ನು ನೋಡಿದರು. ನಾನು ಕಲ್ಲು ಎತ್ತಿದ ಕೈಯನ್ನು ಇಳಿಸಲಿಲ್ಲ.

“ಅಷ್ಟು ಕೆಳಗ ಹೊಡದ್ರ ಹ್ಯಾಂಗ?” ಅಂದರು. “ಗಾಡಿ ಬರೋ ದಾರಿ ಇದು. ಎತ್ತಿನ ಕೋಡಿಗೆ ಸಿಗತದ. ಒಂದು ಗೇಣು ಮ್ಯಾಲ ಹೊಡಿ.”